ಒಂದು ಲೋಟ ನೀರಿಗೆ ಎರಡು ಬೆಲೆ



ಅಬ್ಬಾಸೀ ಖಲೀಫ ಹಾರೂನ್ ರಶೀದರ ಸನ್ನಿಧಿಯಲ್ಲಿ ನಡೆದ ಒಂದು ಪ್ರಸಂಗವನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಇಬ್ನುಸ್ಸಮ್ಮಾಕ್ ಎಂಬ ಉಪದೇಶಕರು ಒಮ್ಮೆ ಖಲೀಫರ ಬಳಿ ಕುಳಿತಿದ್ದರು. ಖಲೀಫರಿಗೆ ಬಾಯಾರಿತು. ನೀರು ತರಿಸಿದರು. ಕುಡಿಯುವ ಮುನ್ನ ಇಬ್ನುಸ್ಸಮ್ಮಾಕ್ ತಡೆದು ಒಂದು ಪ್ರಶ್ನೆ ಕೇಳಿದರು: ಈ ನೀರು ತಮಗೆ ಸಿಗದೆ ಹೋದರೆ ಇದಕ್ಕಾಗಿ ಏನು ಕೊಡುವಿರಿ? ಅರ್ಧ ರಾಜ್ಯ ಕೊಟ್ಟೇನು ಎಂದರು ಖಲೀಫರು. ಕುಡಿದಾದ ಮೇಲೆ ಇನ್ನೊಂದು ಪ್ರಶ್ನೆ ಬಂತು: ಕುಡಿದ ನೀರು ಹೊರಗೆ ಹೋಗದೆ ಒಳಗೇ ನಿಂತುಬಿಟ್ಟರೆ ಏನು ಕೊಡುವಿರಿ? ಉಳಿದರ್ಧವನ್ನೂ ಕೊಟ್ಟೇನು ಎಂದರು. ಹಾಗಾದರೆ ಒಂದು ಲೋಟ ನೀರಿನ ಬೆಲೆಗೂ ಸಾಲದ ಈ ರಾಜ್ಯಕ್ಕಾಗಿ ಮನುಷ್ಯರು ಇಷ್ಟು ಹೊಡೆದಾಡುವುದೇಕೆ ಎಂದರು ಇಬ್ನುಸ್ಸಮ್ಮಾಕ್. ಖಲೀಫರು ಅತ್ತರು.

ಈ ಪ್ರಸಂಗವನ್ನು ನಾನು ಮಿಂಬರ್‌ನಿಂದ ಎಷ್ಟೋ ಸಲ ಹೇಳಿದ್ದೇನೆ. ಕೇಳಿದವರು ತಲೆದೂಗಿದ್ದಾರೆ. ಆದರೆ ಆ ಎರಡನೆಯ ಪ್ರಶ್ನೆಯ ಭಾರ ನನಗೆ ಅರಿವಾದದ್ದು ಗ್ರಂಥಗಳಿಂದಲ್ಲ, ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ. ಅಲ್ಲಿಗೆ ನಾನು ಹೋಗಬೇಕಾಗಿ ಬಂದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನೀರು ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ನಡುವೆ ಅಲ್ಲಾಹನು ಇಟ್ಟಿರುವ ವ್ಯವಸ್ಥೆಯನ್ನು ಸ್ವಲ್ಪ ನೋಡೋಣ.

ನಮ್ಮೊಳಗಿನ ತಕ್ಕಡಿ

ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡೂ ಬದಿಗಳಲ್ಲಿ, ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕ ಸುಮಾರು 150 ಗ್ರಾಂ. ಇಷ್ಟು ಚಿಕ್ಕ ಅಂಗಗಳಿಗೆ ಹೃದಯವು ತಾನು ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಭಾಗವನ್ನು ಕಳುಹಿಸುತ್ತದೆ. ಪ್ರತಿಯೊಂದು ಮೂತ್ರಪಿಂಡದೊಳಗೂ ಹತ್ತು ಲಕ್ಷದಷ್ಟು ಸೂಕ್ಷ್ಮ ಸೋಸುಕಗಳಿವೆ. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಹತ್ತು ಹನ್ನೆರಡು ದೊಡ್ಡ ಕೊಡಗಳು ತುಂಬುವಷ್ಟು! ಅದೆಲ್ಲ ಹೊರಗೆ ಹೋಗಿಬಿಟ್ಟರೆ ನಾವು ಒಂದು ಗಂಟೆಯೂ ಬದುಕಲಾರೆವು. ಆದುದರಿಂದ ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ಅವು ಮರಳಿ ರಕ್ತಕ್ಕೆ ಸೇರಿಸುತ್ತವೆ. ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬರುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ ಪ್ರತಿ ಕ್ಷಣವೂ ನಡೆಯುತ್ತಿರುತ್ತದೆ. ನಾವು ನಿದ್ರಿಸುವಾಗಲೂ, ದೇವನನ್ನು ಮರೆತಿರುವಾಗಲೂ.

ನೀರಿನ ಲೆಕ್ಕ ಮಾತ್ರವಲ್ಲ. ನಾವು ತಿನ್ನುವ ಮಾಂಸ, ಮೀನು, ಧಾನ್ಯಗಳು ದೇಹದಲ್ಲಿ ಕರಗಿದಾಗ ಆಮ್ಲ ಉಳಿಯುತ್ತದೆ. ರಕ್ತದ ಹುಳಿಯನ್ನು ಪಿಎಚ್ ಎಂಬ ಅಂಕದಲ್ಲಿ ಅಳೆಯುತ್ತಾರೆ. ಅದು 7.35ರಿಂದ 7.45ರೊಳಗೆ ಇರಬೇಕು. ಇಷ್ಟು ಕಿರಿದಾದ ಹಾದಿಯಲ್ಲಿ ರಕ್ತವನ್ನು ನಡೆಸುವವರು ಇಬ್ಬರು ಕಾವಲುಗಾರರು. ಶ್ವಾಸಕೋಶಗಳು ಇಂಗಾಲದ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಹಾಕುತ್ತವೆ. ಉಸಿರಿನಲ್ಲಿ ಹೋಗಲಾರದ ಆಮ್ಲವನ್ನು ಮೂತ್ರಪಿಂಡಗಳು ಮೂತ್ರದಲ್ಲಿ ಹೊರಹಾಕುತ್ತವೆ, ಅದನ್ನು ತಣಿಸುವ ಬೈಕಾರ್ಬೊನೇಟ್ ಎಂಬ ಕ್ಷಾರವನ್ನು ಉಳಿಸಿಕೊಳ್ಳುತ್ತವೆ. ಉಪ್ಪಿನಂಶವಾದ ಸೋಡಿಯಂ, ಹೃದಯದ ಬಡಿತಕ್ಕೆ ಬೇಕಾದ ಪೊಟ್ಯಾಶಿಯಂ, ಇವುಗಳ ಪ್ರಮಾಣವನ್ನು ಕಾಯುವುದೂ ಅವುಗಳದೇ ಕೆಲಸ.

ಸೂರಃ ಅರ್‍ರಹ್ಮಾನ್‌ನಲ್ಲಿ ಅಲ್ಲಾಹನು ಆಕಾಶವನ್ನು ಎತ್ತಿ ನಿಲ್ಲಿಸಿದ್ದನ್ನು ಹೇಳಿದ ಕೂಡಲೇ ತಕ್ಕಡಿಯ ಪ್ರಸ್ತಾಪ ಮಾಡುತ್ತಾನೆ, ತೂಕದಲ್ಲಿ ಅತಿಕ್ರಮಿಸಬಾರದೆಂದು ಆಜ್ಞಾಪಿಸುತ್ತಾನೆ. ಅಂಗಡಿಯಲ್ಲಿ ತೂಕ ತಪ್ಪಿಸುವವನನ್ನು ನಾವು ಪಾಪಿ ಎನ್ನುತ್ತೇವೆ. ಆದರೆ ನಮ್ಮ ಸೊಂಟದ ಹಿಂದೆ ಅವನು ತೂಗುಹಾಕಿರುವ ತಕ್ಕಡಿಯ ಬಗ್ಗೆ ಎಷ್ಟು ಮಂದಿ ಯೋಚಿಸಿದ್ದೇವೆ? ಈ ಸೋಸುಕಗಳು ರೂಪುಗೊಳ್ಳುವುದು ತಾಯಿಯ ಗರ್ಭದಲ್ಲಿ. ಹುಟ್ಟುವ ಹೊತ್ತಿಗೆ ಅವುಗಳ ನಿರ್ಮಾಣ ಮುಗಿದಿರುತ್ತದೆ. ಆಮೇಲೆ ಒಂದು ಕೆಟ್ಟರೆ ಅದರ ಸ್ಥಾನದಲ್ಲಿ ಹೊಸತು ಹುಟ್ಟುವುದಿಲ್ಲ. ಬಂಡವಾಳ ಒಂದೇ ಸಲ ಕೊಡಲಾಗಿದೆ. ಅದು ಅಮಾನತ್ತು.

ನಾನು ಕೊಟ್ಟ ಉತ್ತರ

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಮಸೀದಿಯ ಮೊದಲ ಸಾಲಿನಲ್ಲಿ ಸದಾ ಕಾಣುತ್ತಿದ್ದ ಒಬ್ಬ ಹಿರಿಯರಿದ್ದರು. ಒಣಮೀನಿನ ವ್ಯಾಪಾರಿ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಆ ವರ್ಷ ರಮಝಾನ್ ಬೇಸಿಗೆಯಲ್ಲಿ ಬಂದಿತ್ತು. ಶಅಬಾನ್ ತಿಂಗಳ ಕೊನೆಯ ಜುಮಾದ ಬಳಿಕ ಅವರು ನನ್ನ ಬಳಿ ಬಂದು ತಗ್ಗಿದ ಸ್ವರದಲ್ಲಿ, “ಉಸ್ತಾದರೇ, ಈ ಸಲ ಉಪವಾಸ ಬೇಡ ಎಂದು ಡಾಕ್ಟರರು ಹೇಳಿದ್ದಾರೆ. ಏನು ಮಾಡಲಿ?” ಎಂದು ಕೇಳಿದರು.

ಡಾಕ್ಟರರು ಯಾಕೆ ಹಾಗೆ ಹೇಳಿದರೆಂದು ನಾನು ಕೇಳಲಿಲ್ಲ. ಕಾಯಿಲೆ ಯಾವುದು, ಎಷ್ಟು ಮುಂದುವರಿದಿದೆ ಎಂದೂ ಕೇಳಲಿಲ್ಲ. ಅಂದಿನ ಖುತ್ಬಾದಲ್ಲಿ ಉಪವಾಸವು ದೇಹವನ್ನು ಶುದ್ಧೀಕರಿಸುತ್ತದೆ ಎಂದು ಹೇಳಿ ಇಳಿದಿದ್ದೆ. ಅದೇ ಗುಂಗಿನಲ್ಲಿ, “ಅಲ್ಲಾಹನ ಮೇಲೆ ಭರವಸೆ ಇಡಿ. ಉಪವಾಸ ಹಿಡಿದವನನ್ನು ಅವನು ಕೈಬಿಡುವುದಿಲ್ಲ” ಎಂದುಬಿಟ್ಟೆ. ಅವರ ಮುಖ ಅರಳಿತು. ಅವರಿಗೆ ಬೇಕಾಗಿದ್ದುದೂ ಅದೇ ಉತ್ತರ.

ಹತ್ತೊಂಬತ್ತನೆಯ ಉಪವಾಸದ ದಿನ ಅಸರ್ ಹೊತ್ತಿಗೆ ಅವರ ಮಗ ಓಡಿ ಬಂದ. ಬಾಪನಿಗೆ ಎರಡು ದಿನಗಳಿಂದ ವಾಂತಿ, ಮೂತ್ರ ಬಹಳ ಕಡಿಮೆ, ಈಗ ಜೋರಾಗಿ ಏದುಸಿರು ಬರುತ್ತಿದೆ ಎಂದ. ದಮ್ಮಿನ ಕಾಯಿಲೆಯೆಂದು ಮನೆಯವರು ಭಾವಿಸಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರರು ರಕ್ತ ಪರೀಕ್ಷಿಸಿ ಬಂದು ಹೇಳಿದ್ದು ಬೇರೆ. ಶ್ವಾಸಕೋಶಕ್ಕೆ ಏನೂ ಆಗಿಲ್ಲ. ಮೂತ್ರಪಿಂಡಗಳು ಕೈಚೆಲ್ಲಿವೆ. ಅವು ಹೊರಹಾಕದ ಆಮ್ಲವು ರಕ್ತದಲ್ಲಿ ಸೇರಿದೆ. ಅದನ್ನು ಉಸಿರಿನ ಮೂಲಕವಾದರೂ ಕಡಿಮೆ ಮಾಡಲು ಶ್ವಾಸಕೋಶಗಳು ಹೆಣಗಾಡುತ್ತಿವೆ. ಪೊಟ್ಯಾಶಿಯಂ ಏರಿದೆ, ಯಾವ ಗಳಿಗೆಯಲ್ಲೂ ಹೃದಯ ನಿಂತುಹೋಗಬಹುದು. ಅಂದು ರಾತ್ರಿಯೇ ಡಯಾಲಿಸಿಸ್ ನಡೆಯಿತು.

ಆ ಡಾಕ್ಟರರು ನನಗೆ ತಾಳ್ಮೆಯಿಂದ ವಿವರಿಸಿದರು. ಆರೋಗ್ಯವಂತನು ಉಪವಾಸವಿದ್ದಾಗ ಮೆದುಳಿನಿಂದ ಸಂದೇಶ ಬರುತ್ತದೆ. ಮೂತ್ರಪಿಂಡಗಳು ನೀರನ್ನು ಬಿಗಿಹಿಡಿದು ಮೂತ್ರವನ್ನು ಗಟ್ಟಿಗೊಳಿಸುತ್ತವೆ. ಆದುದರಿಂದ ಅವನಿಗೆ ಹಾನಿಯಿಲ್ಲ. ಹಾಳಾದ ಮೂತ್ರಪಿಂಡಕ್ಕೆ ಹಾಗೆ ಬಿಗಿಹಿಡಿಯುವ ಶಕ್ತಿ ಇರುವುದಿಲ್ಲ. ಬಾಯಿಗೆ ನೀರು ಬೀಳದಿದ್ದರೂ ಅದು ನೀರನ್ನು ಬಿಡುತ್ತಲೇ ಇರುತ್ತದೆ. ದೇಹ ಒಣಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡಕ್ಕೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ಇದರ ಜೊತೆಗೆ ಆ ಹಿರಿಯರು ತರಾವೀಹ್‌ನಲ್ಲಿ ನಿಲ್ಲಲಾಗದ ಮಂಡಿನೋವಿಗೆ ಪ್ರತಿ ರಾತ್ರಿ ನೋವಿನ ಮಾತ್ರೆ ನುಂಗುತ್ತಿದ್ದರು. ಒಣಗಿದ ದೇಹಕ್ಕೆ ಆ ಮಾತ್ರೆಗಳು ಗಾಯದ ಮೇಲೆ ಬರೆ.

“ರೋಗ ಮೊದಲೇ ಇತ್ತು. ಅದು ನಿಮ್ಮ ಮಾತಿನಿಂದ ಬಂದದ್ದಲ್ಲ. ಆದರೆ ಉಳಿದಿದ್ದ ಶಕ್ತಿಯಲ್ಲಿ ಇನ್ನೂ ಕೆಲವು ವರ್ಷ ಡಯಾಲಿಸಿಸ್ ಇಲ್ಲದೆ ಕಳೆಯಬಹುದಿತ್ತು” ಎಂದರು ಡಾಕ್ಟರರು. ಆ ‘ಆದರೆ’ಯನ್ನು ನಾನು ಇಂದಿಗೂ ಮರೆತಿಲ್ಲ.

ಕೇಳದಿದ್ದುದರ ಪಾಪ

ಅಬೂದಾವೂದ್ ಗ್ರಂಥದಲ್ಲಿ ಒಂದು ಹದೀಸ್ ಇದೆ. ಪ್ರಯಾಣದಲ್ಲಿದ್ದ ಒಬ್ಬರಿಗೆ ಕಲ್ಲು ತಾಗಿ ತಲೆಯಲ್ಲಿ ಗಾಯವಾಯಿತು. ಆ ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಲು ನನಗೆ ರಿಯಾಯಿತಿ ಇದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಸಿಗುವಾಗ ರಿಯಾಯಿತಿ ಎಲ್ಲಿಯದು ಎಂದರು ಅವರು. ಆ ಮನುಷ್ಯ ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಬಹಳ ನೊಂದರು, ಕೋಪಗೊಂಡರು. ಅವರೇ ಅವನನ್ನು ಕೊಂದರು ಎಂಬರ್ಥದ ಮಾತನ್ನಾಡಿದರು. ತಿಳಿಯದಿದ್ದರೆ ಕೇಳಬಾರದಿತ್ತೇ, ಅಜ್ಞಾನದ ಮದ್ದು ಕೇಳುವುದೇ ಅಲ್ಲವೇ ಎಂದರು.

ಸಂಗಡಿಗರು ಕೆಟ್ಟವರಾಗಿರಲಿಲ್ಲ. ದೀನಿನ ಮೇಲಿನ ಗೌರವದಿಂದಲೇ ಹಾಗೆ ಹೇಳಿದ್ದರು. ನಾನು ಹೇಳಿದ್ದೂ ಗೌರವದಿಂದಲೇ. ಆದರೆ ಗಾಯವನ್ನು ನೋಡದೆ ಕೊಟ್ಟ ಫತ್ವಾ ಗಾಯಾಳುವನ್ನು ಕೊಲ್ಲಬಹುದು. ಈ ಹದೀಸನ್ನು ಮದ್ರಸದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಅದು ನನ್ನ ಕುರಿತೇ ಹೇಳಿದ್ದೆಂದು ಅರಿವಾಗಲು ಆ ರಾತ್ರಿ ಬರಬೇಕಾಯಿತು.

ರಿಯಾಯಿತಿಯೂ ಆಜ್ಞೆಯೇ

ಉಪವಾಸವನ್ನು ಕಡ್ಡಾಯಗೊಳಿಸಿದ ಅಲ್‌ಬಕರಃ ಸೂರಃದ 184 ಮತ್ತು 185ನೆಯ ಸೂಕ್ತಗಳನ್ನು ಬಿಡಿಸಿ ನೋಡಿರಿ. ಆಜ್ಞೆ ಬಂದ ಉಸಿರಿನಲ್ಲೇ ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಬಂದಿದೆ. ಅದು ನಂತರ ಯಾರೋ ಸೇರಿಸಿದ ಅಡಿಟಿಪ್ಪಣಿಯಲ್ಲ. ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಎಂಬ ಘೋಷಣೆಯೂ ಅಲ್ಲಿಯೇ ಇದೆ. ಅಲ್ಲಾಹನು ತಾನು ಕೊಟ್ಟ ರಿಯಾಯಿತಿಗಳನ್ನು ದಾಸರು ಸ್ವೀಕರಿಸುವುದನ್ನು ಮೆಚ್ಚುತ್ತಾನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು, ಬಿಡದೆ ಉಪವಾಸವಿದ್ದ ಒಬ್ಬ ಯುವ ಸಹಾಬಿಗೆ ತಿಳಿಹೇಳಿದವರೂ ಅವರೇ.

ವಾಸಿಯಾಗುವ ರೋಗವಿದ್ದವನು ಗುಣವಾದ ಮೇಲೆ ಬಿಟ್ಟ ಉಪವಾಸಗಳನ್ನು ಕಝಾ ಮಾಡಲಿ. ವಾಸಿಯಾಗುವ ನಿರೀಕ್ಷೆ ಇಲ್ಲದವನು ಒಂದೊಂದು ಉಪವಾಸಕ್ಕೆ ಒಬ್ಬ ಬಡವನಿಗೆ ಆಹಾರವನ್ನು ಫಿದ್ಯಾ ಆಗಿ ಕೊಡಲಿ. ಅದರ ಪ್ರಮಾಣವನ್ನು ತಮ್ಮ ಮದ್‌ಹಬ್‌ನ ವಿದ್ವಾಂಸರಿಂದ ಕೇಳಿ ತಿಳಿಯಿರಿ. ಆದರೆ ರೋಗ ಯಾವ ಹಂತದಲ್ಲಿದೆಯೆಂದು ನಿರ್ಣಯಿಸುವವನು ಉಸ್ತಾದನಲ್ಲ, ವೈದ್ಯ. ಡಯಾಲಿಸಿಸ್‌ನಲ್ಲಿರುವವರು, ಮೂತ್ರಪಿಂಡದ ರೋಗ ಮುಂದುವರಿದಿರುವವರು ಉಪವಾಸ ಹಿಡಿದರೆ ಅಪಾಯ ಬಹಳ ಹೆಚ್ಚು. ರೋಗ ಆರಂಭದ ಹಂತದಲ್ಲಿರುವ ಕೆಲವರಿಗೆ ವೈದ್ಯರು ಪರೀಕ್ಷಿಸಿ ಅನುಮತಿ ಕೊಡಲೂಬಹುದು. ರಮಝಾನ್ ಬರುವ ಒಂದೆರಡು ತಿಂಗಳ ಮೊದಲೇ ಹೋಗಿ ಕೇಳಬೇಕು. ಮಾತ್ರೆಗಳ ಹೊತ್ತನ್ನು ಸ್ವತಃ ಬದಲಿಸಬಾರದು.

ಮರುವರ್ಷ ರಮಝಾನ್ ಬಂದಾಗ ನಾನು ಆ ಹಿರಿಯರ ಮನೆಗೆ ಹೋಗಿ ಈ ಸೂಕ್ತಗಳನ್ನು ಓದಿ ಅರ್ಥ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ಉಸ್ತಾದರೇ, ಇದನ್ನು ಹೋದ ವರ್ಷ ಹೇಳಿದ್ದರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಕ್ಷಮೆ ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಮತ್ತೆ ಆ ಮಾತನ್ನು ಎತ್ತಲೇ ಇಲ್ಲ.

ಇನ್ನೊಂದು ಬಗೆಯ ಉಪವಾಸ

ಅವರ ಮನೆಯಲ್ಲಿ ಇಫ್ತಾರಿನ ಹೊತ್ತಿಗೆ ಕಂಡದ್ದನ್ನೂ ಹೇಳಬೇಕು. ಎಲ್ಲರ ಮುಂದೆ ಶರ್ಬತ್ತು, ಖರ್ಜೂರ, ಕಲ್ಲಂಗಡಿ. ಅವರ ಮುಂದೆ ಒಂದು ಪುಟ್ಟ ಲೋಟ. ಮೂತ್ರ ಬಹುತೇಕ ನಿಂತವರು ಕುಡಿದ ನೀರೆಲ್ಲ ದೇಹದಲ್ಲೇ ಉಳಿಯುತ್ತದೆ, ಕಾಲು ಬಾಯುತ್ತದೆ, ಶ್ವಾಸಕೋಶಕ್ಕೆ ನುಗ್ಗುತ್ತದೆ. ಆದುದರಿಂದ ಚಹಾ, ಗಂಜಿ, ಸಾರು ಎಲ್ಲ ಸೇರಿಸಿ ದಿನಕ್ಕೆ ಇಷ್ಟೇ ಎಂದು ವೈದ್ಯರು ಅಳತೆ ಕಟ್ಟಿಕೊಟ್ಟಿದ್ದರು. ನಾವು ಸೂರ್ಯ ಮುಳುಗುವ ತನಕ ಬಾಯಾರಿಕೆ ಸಹಿಸುತ್ತೇವೆ. ಅವರಿಗೆ ಮಗ್ರಿಬ್ ಬಾಂಗ್ ಆದರೂ ಬಾಯಾರಿಕೆ ತೀರುತ್ತಿರಲಿಲ್ಲ. ಹನ್ನೆರಡು ತಿಂಗಳೂ ಹಾಗೆಯೇ. ಅರ್ಧ ಲೋಟ ಕುಡಿದು, ಉಳಿದರ್ಧವನ್ನು ರಾತ್ರಿಯ ಮಾತ್ರೆಗೆಂದು ಮುಚ್ಚಿಟ್ಟು, ಅಲ್‌ಹಮ್ದುಲಿಲ್ಲಾಹ್ ಎನ್ನುತ್ತಿದ್ದರು. ಅಲ್ಲಾಹನಿಗಾಗಿ ತಾಳ್ಮೆಯಿಂದ ಕೆಳಗಿಟ್ಟ ಆ ಅರ್ಧ ಲೋಟ ಅವನ ಲೆಕ್ಕದಲ್ಲಿ ತಪ್ಪಿಹೋಗುವುದೇ? ಖಂಡಿತ ಇಲ್ಲ.

ಅವರ ಮನೆಯವರು ದಿನಾ ಸಂಜೆ ಒಬ್ಬ ಬಡವರಿಗೆ ಊಟ ಕಳುಹಿಸುತ್ತಿದ್ದರು. ಊಟದ ಪಾತ್ರೆಯನ್ನು ಕಟ್ಟುವಾಗ ಆ ಹಿರಿಯರು ತಾವೇ ಕೈಯಾರೆ ಮುಚ್ಚಳ ಹಾಕುತ್ತಿದ್ದರು. ಉಪವಾಸವಿಲ್ಲದ ಆ ಮನೆಯ ಹಿರಿಯರ ರಮಝಾನ್ ಬರಿದಾಗಿರಲಿಲ್ಲ.

ಪ್ರೀತಿಯಿಂದ ಮಾಡುವ ಅಪಾಯ

ರೋಗಿಯ ಸಂದರ್ಶನ ಪುಣ್ಯಕಾರ್ಯ. ಆದರೆ ಬರುವಾಗ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳಿರಿ. ನಮ್ಮ ಕರಾವಳಿಯಲ್ಲಿ ಯಾರಿಗೆ ಕಾಯಿಲೆಯಾದರೂ ಎಳನೀರು ಒಯ್ಯುವ ರೂಢಿಯಿದೆ. ಎಳನೀರಿನಲ್ಲಿ ಪೊಟ್ಯಾಶಿಯಂ ಯಥೇಚ್ಛ. ಖರ್ಜೂರ, ಬಾಳೆಹಣ್ಣುಗಳಲ್ಲೂ ಅದು ಹೆಚ್ಚು. ಆರೋಗ್ಯವಂತನಿಗೆ ಇವು ಅನುಗ್ರಹ. ಮೂತ್ರಪಿಂಡ ಸೋತವನಿಗೆ ಹೃದಯವನ್ನೇ ನಿಲ್ಲಿಸಬಲ್ಲವು. ದಾರೆಹುಳಿ ಇನ್ನೂ ಅಪಾಯಕಾರಿ. ಅದರಲ್ಲಿರುವ ಒಂದು ವಿಷಾಂಶ ಇಂಥ ರೋಗಿಗಳ ದೇಹದಿಂದ ಹೊರಹೋಗದೆ ಮೆದುಳಿಗೆ ತಾಗಿ ಬಿಕ್ಕಳಿಕೆ, ಗೊಂದಲ, ಅಪಸ್ಮಾರ, ಕೆಲವೊಮ್ಮೆ ಸಾವನ್ನೂ ತರುತ್ತದೆ. ಬಿಂಬುಳಿಯ ರಸವನ್ನು ಕೊಲೆಸ್ಟ್ರಾಲ್‌ಗೆ ಮದ್ದೆಂದು ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಟ್ಟವರು ನೆರೆಯ ಕೇರಳದಲ್ಲಿದ್ದಾರೆ. ಝಮ್‌ಝಮ್ ನೀರನ್ನು ಕೊಡುವಾಗಲೂ ರೋಗಿಯ ಅಳತೆಯೊಳಗೇ ಕೊಡಿರಿ. ಬರಕತ್ತು ಒಂದು ಗುಟುಕಿನಲ್ಲೂ ಇದೆ.

ಈಗ ಆರೋಗ್ಯದಿಂದಿರುವವರಿಗೆ ಒಂದು ಮಾತು. ಮೂತ್ರಪಿಂಡದ ರೋಗ ಕಳ್ಳನಂತೆ ಬರುತ್ತದೆ. ಬಹುಭಾಗ ಹಾಳಾಗುವ ತನಕ ನೋವೂ ಇಲ್ಲ, ಸುಳಿವೂ ಇಲ್ಲ. ಅದಕ್ಕೆ ಬಾಗಿಲು ತೆರೆಯುವ ಮುಖ್ಯ ಕಾರಣಗಳು ಎರಡು: ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ. ಈ ಎರಡರಲ್ಲಿ ಒಂದಿದ್ದರೂ ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿರಿ. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿರಿ. ಉಪ್ಪಿನಕಾಯಿ, ಒಣಮೀನು, ಹಪ್ಪಳಗಳಿಗೆ ಮಿತಿ ಇಡಿರಿ. ಸಹೋದರಿಯರೇ, ಮನೆಯವರ ಮಾತ್ರೆಗಳ ಲೆಕ್ಕ ನಿಮಗೆ ಬಾಯಿಪಾಠ. ನಿಮ್ಮ ಸ್ವಂತ ರಕ್ತದೊತ್ತಡ ಎಷ್ಟೆಂದು ನಿಮಗೆ ಗೊತ್ತೇ?

ಚಿಕಿತ್ಸೆ ಪಡೆಯಿರಿ, ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲ ಎಂಬುದು ಪ್ರವಾದಿವರ್ಯರ(ಸ) ಉಪದೇಶದ ಸಾರ. 1943ರಲ್ಲಿ, ಮಹಾಯುದ್ಧದ ನಡುವೆ, ಜರ್ಮನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು ಸೆಲ್ಲೊಫೇನ್ ಕೊಳವೆಗಳನ್ನು ಉರುಳೆಗೆ ಸುತ್ತಿ ರಕ್ತ ಶುದ್ಧೀಕರಿಸುವ ಯಂತ್ರವನ್ನು ಮಾಡಿದರು. ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ ಒಬ್ಬ ವೃದ್ಧೆ ಬದುಕಿಕೊಂಡರು. ಇಂದಿನ ಡಯಾಲಿಸಿಸ್ ಯಂತ್ರಗಳ ಮೂಲ ಅದು. ಆದರೆ ಯೋಚಿಸಿರಿ: ಮುಷ್ಟಿ ಗಾತ್ರದ ಅಂಗವು ಹಗಲಿರುಳು ಸದ್ದಿಲ್ಲದೆ ಮಾಡುವ ಕೆಲಸದ ಒಂದಂಶವನ್ನು ಮಾಡಲು ಕಪಾಟಿನಷ್ಟು ಯಂತ್ರ ಬೇಕು, ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಅದರ ಮುಂದೆ ಮಲಗಬೇಕು. ಬಡ ರೋಗಿಗಳ ಡಯಾಲಿಸಿಸ್‌ಗೆ ಕೇಂದ್ರ ಸರಕಾರವು 2016ರಲ್ಲಿ ಯೋಜನೆ ಆರಂಭಿಸಿತು. ಆದರೆ ವಾರಕ್ಕೆ ಮೂರು ಸಲದ ವಾಹನದ ಬಾಡಿಗೆ, ಜೊತೆಗೆ ಹೋಗುವವನ ಕಳೆದುಹೋದ ಕೂಲಿ, ಔಷಧಿ, ಇವುಗಳಿಂದಲೇ ಎಷ್ಟೋ ಮನೆಗಳು ಕುಸಿಯುತ್ತವೆ. ಝಕಾತ್ ಮತ್ತು ಸದಕಾದ ಹಣ ಹಂಚುವಾಗ ನಮ್ಮ ಮಹಲ್ಲಾದಲ್ಲಿ ಅಂತಹ ಅರ್ಹ ಮನೆ ಯಾವುದಿದೆ ಎಂದು ಮೊದಲು ವಿಚಾರಿಸೋಣ.

ಆ ಹಿರಿಯರು ಡಯಾಲಿಸಿಸ್ ಆರಂಭವಾದ ಮೇಲೆ ಮೂರು ವರ್ಷ ಬದುಕಿದ್ದರು. ಅಲ್ಲಾಹನು ಅವರಿಗೆ ಮಗ್ಫಿರತ್ ಕರುಣಿಸಲಿ. ಅಂದಿನಿಂದ ಶಅಬಾನ್ ತಿಂಗಳ ಒಂದು ಖುತ್ಬಾವನ್ನು ನಾನು ರೋಗಿಗಳ ರಿಯಾಯಿತಿಗೇ ಮೀಸಲಿಟ್ಟಿದ್ದೇನೆ. ಯಾರಾದರೂ ಬಂದು ಉಪವಾಸದ ಬಗ್ಗೆ ಕೇಳಿದರೆ, ಡಾಕ್ಟರರು ಏನು ಹೇಳಿದ್ದಾರೆ ಎಂದು ಮೊದಲು ಕೇಳುತ್ತೇನೆ.

ಪ್ರವಾದಿವರ್ಯರು(ಸ) ಶೌಚದಿಂದ ಹೊರಬರುವಾಗ ‘ಗುಫ್ರಾನಕ’ ಎಂದು ಅಲ್ಲಾಹನಲ್ಲಿ ಕ್ಷಮೆ ಬೇಡುತ್ತಿದ್ದರು. ಪಾಪವೇನೂ ಮಾಡದ ಆ ಹೊತ್ತಿನಲ್ಲಿ ಕ್ಷಮೆ ಯಾಕೆ? ಕೆಲವು ವಿದ್ವಾಂಸರು ಹೇಳುತ್ತಾರೆ: ಉಂಡದ್ದು ಜೀರ್ಣವಾಗಿ, ಕೇಡಾದದ್ದು ಸುಲಭವಾಗಿ ಹೊರಹೋಯಿತಲ್ಲ, ಆ ಅನುಗ್ರಹಕ್ಕೆ ತಕ್ಕ ಕೃತಜ್ಞತೆ ಸಲ್ಲಿಸಲು ನಮ್ಮಿಂದಾಗದು ಎಂಬ ಕೊರತೆಗಾಗಿ. ನಾಳೆ ಬೆಳಿಗ್ಗೆ ಆ ಒಂದು ಪದವನ್ನು ಹೇಳುವಾಗ ಖಲೀಫರ ಉಳಿದರ್ಧ ರಾಜ್ಯ ನಿಮ್ಮ ನೆನಪಿಗೆ ಬರಲಿ.

ನಮ್ಮ ದೇಹವೆಂಬ ಅಮಾನತ್ತನ್ನು ಕಾಪಾಡಿಕೊಳ್ಳುವ ವಿವೇಕವನ್ನೂ, ತಿಳಿಯದ್ದನ್ನು ಕೇಳಿ ತಿಳಿಯುವ ವಿನಯವನ್ನೂ, ರೋಗಿಗಳಿಗೆ ಶಿಫಾವನ್ನೂ ತಾಳ್ಮೆಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.